ಕ್ರಿಸ್‌ಮಸ್ ಕ್ವಿಜ್‌ಗೆ ನಾನು ಪ್ರಶ್ನೆ ಹುಡುಕುವ ಬಗೆ

ಪ್ರತಿ ಡಿಸೆಂಬರ್‌ನಲ್ಲಿ ಮಂಗಳೂರಿನ ನಮ್ಮ ಬಡಾವಣೆಯಲ್ಲಿ ಒಂದು ಕ್ರಿಸ್‌ಮಸ್ ಕ್ವಿಜ್ ನಡೆಯುತ್ತದೆ. ಪ್ರಶ್ನೆ ತಯಾರಿಸುವುದೂ ಕೇಳುವುದೂ ನನ್ನ ಕೆಲಸ. ಕೊಂಕಣಿ, ತುಳು, ಬ್ಯಾರಿ ಮಾತಾಡುವ ಮನೆಯವರೆಲ್ಲ ಬರುತ್ತಾರೆ. ಹಾಗಾಗಿ ಪ್ರಶ್ನೆಗಳು ಕನ್ನಡದಲ್ಲಿರುತ್ತವೆ. ಒಂದೇ ತಂಡದಲ್ಲಿ ಐದನೇ ಕ್ಲಾಸಿನ ಹುಡುಗಿ ಇರುತ್ತಾಳೆ, ಎಪ್ಪತ್ತು ದಾಟಿದ ಅಜ್ಜಿಯೂ ಇರುತ್ತಾರೆ. ಇಂಥ ಕಡೆ ಬರೀ ಇಸವಿ ಕೇಳುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಜನ ಮೊಬೈಲ್ ತೆಗೆಯುತ್ತಾರೆ.

ಉತ್ತರ ಗೊತ್ತಿಲ್ಲದವರೂ ಯೋಚಿಸಿ ಅದರ ಹತ್ತಿರ ಬರುವಂತಿರಬೇಕು. ಪ್ರಶ್ನೆ ಅಂದರೆ ನನಗೆ ಅದು. ಒಂದು ಉದಾಹರಣೆ ಕೊಡುತ್ತೇನೆ. ‘ಮೊದಲ ಕ್ರಿಸ್‌ಮಸ್ ಕಾರ್ಡ್ ಅಚ್ಚಾದ ವರ್ಷ ಯಾವುದು?’ ಎಂದು ಕೇಳಬಹುದು. 1843 ಎಂದು ಓದಿದವರು ಹೇಳುತ್ತಾರೆ, ಉಳಿದವರು ಸುಮ್ನೆ ಕೂರುತ್ತಾರೆ. ನಾನು ಅದನ್ನೇ ಹೀಗೆ ಕೇಳುತ್ತೇನೆ: ‘1843, ಲಂಡನ್. ಆ ಕ್ರಿಸ್‌ಮಸ್‌ಗೆ ಎರಡು ಹೊಸ ವಸ್ತುಗಳು ಮಾರಾಟಕ್ಕೆ ಬಂದವು. ಒಂದಕ್ಕೆ ಒಂದು ಶಿಲ್ಲಿಂಗ್, ಇನ್ನೊಂದಕ್ಕೆ ಐದು ಶಿಲ್ಲಿಂಗ್. ಅಗ್ಗದ್ದನ್ನು ಅಂಚೆಯಲ್ಲಿ ಕಳಿಸುತ್ತಾರೆ, ದುಬಾರಿಯದ್ದನ್ನು ಓದುತ್ತಾರೆ. ಯಾವುವು?’ ಈಗ ತಂಡದವರು ತಲೆಗೆ ತಲೆ ಕೊಟ್ಟು ಮಾತಾಡತೊಡಗುತ್ತಾರೆ. ಅಂಚೆ ಅಂದ ಕೂಡಲೇ ಯಾರೋ ‘ಗ್ರೀಟಿಂಗ್ ಕಾರ್ಡ್’ ಅನ್ನುತ್ತಾರೆ. ಓದುವ ಮಕ್ಕಳಿದ್ದರೆ ಡಿಕನ್ಸ್‌ನ ‘ಎ ಕ್ರಿಸ್‌ಮಸ್ ಕ್ಯಾರಲ್’ ಕೂಡ ಹೊರಬರುತ್ತದೆ. ಕಾರ್ಡ್ ಮಾಡಿಸಿದವನು ಹೆನ್ರಿ ಕೋಲ್, ಚಿತ್ರ ಬರೆದವನು ಜಾನ್ ಹಾರ್ಸ್‌ಲಿ. ಚಿತ್ರದಲ್ಲಿ ಒಂದು ಕುಟುಂಬ ಮೇಜಿನ ಸುತ್ತ ಕೂತು ವೈನ್ ಕುಡಿಯುತ್ತಿದೆ. ಪುಟ್ಟ ಮಗುವಿಗೂ ಕುಡಿಸುತ್ತಿದ್ದಾರೆ! ಪಾನವಿರೋಧಿಗಳು ಆಗಲೇ ಇದಕ್ಕೆ ಆಕ್ಷೇಪ ಎತ್ತಿದ್ದರು. ಉತ್ತರ ಹೇಳಿದ ಮೇಲೆ ಆ ಚಿತ್ರವನ್ನು ಪರದೆ ಮೇಲೆ ಹಾಕುತ್ತೇನೆ.

ಐದು ಶಿಲ್ಲಿಂಗ್ ಅಂದರೆ ಇನ್ನೊಂದು ಪ್ರಶ್ನೆ ನೆನಪಾಗುತ್ತದೆ. ಕ್ರಿಸ್‌ಮಸ್ ಆಚರಿಸಿದ್ದಕ್ಕೆ ಐದು ಶಿಲ್ಲಿಂಗ್ ದಂಡ ಹಾಕುತ್ತಿದ್ದ ಊರಿತ್ತು. ಅಲ್ಲಿ ಆಳುತ್ತಿದ್ದವರು ಯಾವ ಧರ್ಮದವರು? ಇದನ್ನು ಕೇಳಿದಾಗಲೆಲ್ಲ ಎಲ್ಲರೂ ಬೇರೆ ಬೇರೆ ಧರ್ಮ ಹೇಳುತ್ತಾರೆ. ಅವರು ಕ್ರೈಸ್ತರೇ. ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ನರು, ಅಂದರೆ ತುಂಬ ಕಟ್ಟುನಿಟ್ಟಿನ ಪ್ರಾಟೆಸ್ಟಂಟರು. 1659ರಿಂದ 1681ರವರೆಗೆ ಆ ಕಾನೂನು ಇತ್ತು. ಬೈಬಲ್‌ನಲ್ಲಿ ಯೇಸು ಹುಟ್ಟಿದ ತಾರೀಖು ಇಲ್ಲ, ಹಬ್ಬ ಮಾಡಿ ಅಂತಲೂ ಹೇಳಿಲ್ಲ, ಹಾಗಾಗಿ ಬೇಡ ಎಂಬುದು ಅವರ ವಾದ.

ಬೈಬಲ್ ಸುತ್ತು ನನಗೆ ತುಂಬ ಇಷ್ಟದ್ದು. ಅಲ್ಲಿ ನಾನು ನೆನಪನ್ನು ಪರೀಕ್ಷಿಸುವುದಿಲ್ಲ, ಓದಿಸುತ್ತೇನೆ. ಮತ್ತಾಯನ ಸುವಾರ್ತೆಯ ಎರಡನೇ ಅಧ್ಯಾಯವನ್ನು ಒಂದು ಹಾಳೆಯಲ್ಲಿ ಕೊಟ್ಟು, ‘ಮೂಡಣದಿಂದ ಎಷ್ಟು ಜನ ಬಂದರು?’ ಎಂದು ಕೇಳುತ್ತೇನೆ. ಮೂವರು ರಾಜರು ಎಂದು ಎಲ್ಲರೂ ಗೋದಲಿಯಲ್ಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಿಂದ ತೋರಿಸುವ ದೃಶ್ಯದಲ್ಲಿ, ನೋಡಿಯೇ ಬೆಳೆದವರು. ಓದಿ ನೋಡಿದರೆ ಅಲ್ಲಿ ಸಂಖ್ಯೆಯೂ ಇಲ್ಲ, ಬಂದವರು ರಾಜರು ಎಂಬ ಮಾತೂ ಇಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಷ್ಟೇ ಇವೆ. ಆಮೇಲೆ ಲೂಕನ ಸುವಾರ್ತೆ ಕೊಟ್ಟು ಹಸುವನ್ನೂ ಕತ್ತೆಯನ್ನೂ ಹುಡುಕಲು ಹೇಳುತ್ತೇನೆ. ಅವೂ ಸಿಗುವುದಿಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳನ್ನು ನಿಜವಾಗಿಯೇ ತಂದು ನಿಲ್ಲಿಸಿ ಕ್ರಿಸ್‌ಮಸ್ ಪೂಜೆ ಮಾಡಿಸಿದರು. ಗೋದಲಿ ಕಟ್ಟುವ ರೂಢಿ ಹಬ್ಬಿದ್ದು ಆಮೇಲೆ. ನಮ್ಮ ಹುಡುಗರು ಪ್ರತಿ ವರ್ಷ ಹುಲ್ಲು ಹಾಸಿ, ರಾಗಿ ಪೈರು ಬೆಳೆಸಿ ಗೋದಲಿ ಕಟ್ಟುತ್ತಾರೆ ಅಲ್ವಾ? ಅವರಿಗೆ ಈ ಕಥೆ ನೇರವಾಗಿ ತಾಗುತ್ತದೆ.

ಎಲ್ಲ ಕಡೆ ಓಡಾಡುವ ಕಥೆಗಳನ್ನು ಮಾತ್ರ ನಾನು ಜರಡಿ ಹಿಡಿಯುತ್ತೇನೆ. ‘ಸಾಂತಾಗೆ ಕೆಂಪು ಬಟ್ಟೆ ಹಾಕಿಸಿದ್ದು ಕೋಕಾ ಕೋಲಾ’ ಎಂಬುದು ಅಂಥದ್ದರಲ್ಲಿ ಮೊದಲನೆಯದು. ಆ ಕಂಪನಿಗೆ ಹ್ಯಾಡನ್ ಸಂಡ್‌ಬ್ಲೋಮ್ ಚಿತ್ರ ಬರೆಯಲು ಶುರುಮಾಡಿದ್ದು 1931ರಲ್ಲಿ. ಕೆಂಪು ಬಟ್ಟೆಯ ಸಾಂತಾ ಅದಕ್ಕೂ ಹಿಂದಿನ ಪತ್ರಿಕೆಗಳಲ್ಲಿ, ಕಾರ್ಡ್‌ಗಳಲ್ಲಿ ಇದ್ದ. ಥಾಮಸ್ ನ್ಯಾಸ್ಟ್ ಎಂಬ ವ್ಯಂಗ್ಯಚಿತ್ರಕಾರ ‘ಹಾರ್ಪರ್ಸ್ ವೀಕ್ಲಿ’ಯಲ್ಲಿ 1863ರಿಂದಲೇ ಸಾಂತಾನನ್ನು ಬರೆಯುತ್ತಿದ್ದ. ಜಾಹೀರಾತು ಆ ರೂಪವನ್ನು ಜಗತ್ತಿಗೆಲ್ಲ ಹಬ್ಬಿಸಿತು ಎಂದರೆ ಸರಿ. ಇದನ್ನು ‘ಸರಿಯೋ ತಪ್ಪೋ’ ಸುತ್ತಿಗೆ ಹಾಕಿ, ನ್ಯಾಸ್ಟ್‌ನ ಚಿತ್ರ ತೋರಿಸಿ ಒಪ್ಪಿಸುತ್ತೇನೆ.

‘ಸೈಲೆಂಟ್ ನೈಟ್’ ಹಾಡಿನದ್ದೂ ಹೀಗೇ. 1818ರ ಡಿಸೆಂಬರ್ 24ರ ರಾತ್ರಿ, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಚರ್ಚಿನಲ್ಲಿ ಅದನ್ನು ಮೊದಲು ಹಾಡಿದರು. ಪದ್ಯ ಪಾದ್ರಿ ಯೋಸೆಫ್ ಮೋರ್ ಅವರದು. ರಾಗ ಶಾಲಾ ಮೇಷ್ಟ್ರು ಫ್ರಾಂಜ್ ಗ್ರೂಬರ್ ಅವರದು. ಜೊತೆಗೆ ನುಡಿಸಿದ್ದು ಗಿಟಾರ್. ಚರ್ಚಿನ ಆರ್ಗನ್ ವಾದ್ಯವನ್ನು ಇಲಿ ಕಡಿದು ಹಾಕಿತ್ತು, ಅದಕ್ಕೇ ಗಿಟಾರ್ ಎಂದು ಜನ ಸೇರಿಸಿ ಹೇಳುತ್ತಾರೆ. ಅದಕ್ಕೆ ಆಧಾರವಿಲ್ಲ. ಇಲಿಯನ್ನು ಬಿಟ್ಟು ಗಿಟಾರ್ ಅನ್ನು ಮಾತ್ರ ಕೇಳುತ್ತೇನೆ. ಪದ್ಯ ಅದಕ್ಕೂ ಎರಡು ವರ್ಷ ಮೊದಲೇ ಬರೆದಿಟ್ಟದ್ದು ಎಂಬುದು ನನಗಂತೂ ಇಲಿಗಿಂತ ಜಾಸ್ತಿ ಇಷ್ಟ.

ಹಾಡಿನ ಸುತ್ತಿನಲ್ಲಿ ಮಕ್ಕಳು ಕಾಯುವುದು ‘ಜಿಂಗಲ್ ಬೆಲ್ಸ್’ಗೆ. ಜೇಮ್ಸ್ ಪಿಯರ್‌ಪಾಂಟ್ 1857ರಲ್ಲಿ ಪ್ರಕಟಿಸಿದ ಹಾಡು. ಹಿಮ, ಕುದುರೆ, ಗಾಡಿ, ಗಂಟೆ, ನಗು ಎಲ್ಲ ಇದೆ, ಕ್ರಿಸ್‌ಮಸ್ ಮಾತ್ರ ಇಲ್ಲ. ಮೊದಲು ಹಾಡಿಸುತ್ತೇನೆ, ಆಮೇಲೆ ‘ಇದರಲ್ಲಿ ಕ್ರಿಸ್‌ಮಸ್ ಎಷ್ಟು ಸಲ ಬಂತು?’ ಎಂದು ಕೇಳುತ್ತೇನೆ. ಹಾಡಿದವರೇ ಬೆರಗಾಗುತ್ತಾರೆ. ಬೆನ್ನಿಗೇ ಇನ್ನೊಂದು: 1965ರ ಡಿಸೆಂಬರ್ 16ರಂದು ಇದನ್ನು ಹಾರ್ಮೋನಿಕಾ ಮತ್ತು ಪುಟ್ಟ ಗಂಟೆಗಳಲ್ಲಿ ನುಡಿಸಿದರು. ಎಲ್ಲಿ? ಬಾಹ್ಯಾಕಾಶದಲ್ಲಿ. ಅಮೆರಿಕದ ಜೆಮಿನಿ 6 ನೌಕೆಯಲ್ಲಿದ್ದ ವಾಲಿ ಶಿರ್ರಾ ಮತ್ತು ಟಾಮ್ ಸ್ಟ್ಯಾಫರ್ಡ್, ಯಾವುದೋ ವಸ್ತು ಕಾಣುತ್ತಿದೆ, ಅದನ್ನು ನಡೆಸುವವನು ಕೆಂಪು ಬಟ್ಟೆ ಹಾಕಿದ್ದಾನೆ ಎಂದು ಭೂಮಿಗೆ ವರದಿ ಕೊಟ್ಟು, ಆಮೇಲೆ ನುಡಿಸಿದರು.

ಸಾಂತಾನ ಗಾಡಿ ಎಳೆಯುವ ರುಡಾಲ್ಫ್ ಜಿಂಕೆಯ ಪ್ರಶ್ನೆಯನ್ನು ನಾನು ನಿಧಾನವಾಗಿ ಕೇಳುತ್ತೇನೆ. ಷಿಕಾಗೋದ ಮಾಂಟ್‌ಗೊಮರಿ ವಾರ್ಡ್ ಅಂಗಡಿ, ಗಿರಾಕಿಗಳ ಮಕ್ಕಳಿಗೆ ಪುಕ್ಕಟೆ ಹಂಚಲು ಒಂದು ಕಥೆ ಬರೆಯುವಂತೆ ತನ್ನ ನೌಕರ ರಾಬರ್ಟ್ ಮೇಗೆ ಹೇಳಿತು. ಅದು 1939. ಅದೇ ವರ್ಷ ಅವರ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಮನೆಯಲ್ಲಿ ಪುಟ್ಟ ಮಗಳು. ಅವರು ಕಥೆ ಬರೆದು ಮುಗಿಸಿದರು. ಎಲ್ಲರೂ ಗೇಲಿ ಮಾಡುವ ಕೆಂಪು ಮೂಗೇ ಮಂಜಿನ ರಾತ್ರಿ ದಾರಿ ತೋರುವ ಕಥೆ ಅದು. ಹತ್ತು ವರ್ಷದ ಮೇಲೆ ಅವರ ತಂಗಿಯ ಗಂಡ ಜಾನಿ ಮಾರ್ಕ್ಸ್ ಅದನ್ನು ಹಾಡು ಮಾಡಿದರು, ಜೀನ್ ಆಟ್ರಿ ಹಾಡಿದರು. ಇಲ್ಲಿ ‘ಆ ಜಿಂಕೆ ಮೊದಲು ಹುಟ್ಟಿದ್ದು ಹಾಡಿನಲ್ಲೋ, ಸಿನಿಮಾದಲ್ಲೋ, ಅಂಗಡಿಯಲ್ಲೋ?’ ಎಂದಷ್ಟೇ ಕೇಳಿ, ಉಳಿದದ್ದನ್ನು ಹೇಳುತ್ತೇನೆ.

1914ರ ಕದನವಿರಾಮಕ್ಕೆ ನಾನು ಅಂಕ ಇಡುವುದಿಲ್ಲ. ಮೊದಲ ಮಹಾಯುದ್ಧದ ಪಶ್ಚಿಮ ರಂಗದಲ್ಲಿ, ಕ್ರಿಸ್‌ಮಸ್ ಹಿಂದಿನ ರಾತ್ರಿ ಜರ್ಮನ್ ಸೈನಿಕರು ಕಂದಕದ ಅಂಚಿಗೆ ಪುಟ್ಟ ಮರಗಳನ್ನು ಇಟ್ಟು ದೀಪ ಹಚ್ಚಿ ಹಾಡಿದರು. ಎದುರಿನ ಬ್ರಿಟಿಷರೂ ಹಾಡಿದರು. ಮರುದಿನ ಎರಡೂ ಕಡೆಯವರು ನಡುವಿನ ಬಯಲಿಗೆ ಬಂದು ಕೈ ಕುಲುಕಿದರು, ಸಿಗರೇಟು ಹಂಚಿದರು, ಸತ್ತವರನ್ನು ಹೂತರು. ಎಲ್ಲ ಕಡೆ ಹೀಗಾಗಲಿಲ್ಲ. ಕೆಲವು ಕಡೆ ಆ ದಿನವೂ ಗುಂಡು ಹಾರಿತು. ಇದನ್ನು ಬಜರ್ ಒತ್ತಿ ಗೆಲ್ಲುವ ಸಂಗತಿ ಮಾಡಲು ನನಗೆ ಮನಸ್ಸಿಲ್ಲ. ಸುತ್ತುಗಳ ನಡುವೆ ಓದುತ್ತೇನೆ, ಅಷ್ಟೆ.

ಅಜ್ಜಿಯಂದಿರಿಗಾಗಿ ಇಟ್ಟದ್ದು ಅಡುಗೆ ಸುತ್ತು. ಒಮ್ಮೆ ನಾರ್ವೆಯ ಕ್ರಿಸ್‌ಮಸ್ ತಿಂಡಿ ಮಾಡುವ ಕಬ್ಬಿಣದ ಅಚ್ಚಿನ ಚಿತ್ರ ಹಾಕಿದೆ. ಹೂವಿನ ಆಕಾರ, ಉದ್ದ ಹಿಡಿ. ಕಾದ ಎಣ್ಣೆಯಲ್ಲಿ ಅಚ್ಚು ಬಿಸಿ ಮಾಡಿ, ಹಿಟ್ಟಿಗೆ ಅದ್ದಿ, ಮತ್ತೆ ಎಣ್ಣೆಗೆ ಬಿಡುವುದು. ಪ್ರಶ್ನೆ ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ‘ಅದು ನಮ್ಮ ರೋಸ್ ಕುಕ್ಕಿ ಅಚ್ಚಲ್ವಾ ಮಾರಾಯ!’ ಎಂಬ ಕೂಗು ಬಂತು. ಕುಸ್ವಾರ್ ಅಂದರೆ ನಮ್ಮ ಕಡೆಯ ಕ್ರಿಸ್‌ಮಸ್ ತಿಂಡಿಗಳು; ಆ ತಟ್ಟೆಯಲ್ಲಿ ಕಿಡಿಯೊ, ನೆವ್ರ್ಯೊ ಜೊತೆ ಇರುವ ಅದೇ ತಿಂಡಿ. ಅದೇ ನಾರ್ವೆಯ ಓಸ್ಲೊ ನಗರ, ಯುದ್ಧಕಾಲದ ನೆರವಿಗೆ ಕೃತಜ್ಞತೆಯಾಗಿ 1947ರಿಂದ ಪ್ರತಿ ವರ್ಷ ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ಒಂದು ಕ್ರಿಸ್‌ಮಸ್ ಮರ ಕಳಿಸುತ್ತದೆ. ಅದು ಮುಂದಿನ ಪ್ರಶ್ನೆ.

ಎರಡು ತಂಡ ಸಮ ಬಂದರೆ ಸಂಖ್ಯೆ ಕೇಳುತ್ತೇನೆ, ಹತ್ತಿರ ಬಂದವರಿಗೆ ಗೆಲುವು. 1882ರಲ್ಲಿ ಎಡಿಸನ್‌ನ ಜೊತೆಗಾರ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ಮನೆಯಲ್ಲಿ ಕ್ರಿಸ್‌ಮಸ್ ಮರಕ್ಕೆ ಮೊದಲ ಸಲ ವಿದ್ಯುತ್ ದೀಪ ಹಾಕಿದ. ಎಷ್ಟು ಬಲ್ಬು? 80.

ಈ ವರ್ಷಕ್ಕೆ ಹೊಸದಾಗಿ ಒಂದು ಸಿದ್ಧವಾಗಿದೆ. ‘ಇಂಗ್ಲೆಂಡಿನ ಕ್ಯಾಲೆಂಡರ್ ಪ್ರಕಾರ 1642ರ ಕ್ರಿಸ್‌ಮಸ್ ದಿನ ಹುಟ್ಟಿದ ಮಗು. ರೋಮಿನ ಪೋಪ್ ತಂದ ಹೊಸ ಕ್ಯಾಲೆಂಡರಿನಲ್ಲಿ ಆ ದಿನ 1643ರ ಜನವರಿ 4. ದೊಡ್ಡವನಾದ ಮೇಲೆ ಸೇಬಿನ ಜೊತೆ ಹೆಸರಾದ. ಯಾರು?’ ನ್ಯೂಟನ್ ಎಂದು ಮಕ್ಕಳೇ ಹೇಳಿಬಿಡುತ್ತಾರೆ. ಅದಕ್ಕೇ ಎರಡನೇ ಭಾಗ ಇಟ್ಟಿದ್ದೇನೆ: ರಷ್ಯಾದ ಚರ್ಚಿನಲ್ಲಿ ಇಂದಿಗೂ ಕ್ರಿಸ್‌ಮಸ್ ಜನವರಿ 7ಕ್ಕೆ ಬರುವುದು ಯಾಕೆ? ಆ ಚರ್ಚು ಹಳೆಯ ಕ್ಯಾಲೆಂಡರನ್ನೇ ಹಿಡಿದಿದೆ, ಎರಡು ಕ್ಯಾಲೆಂಡರ್‌ಗಳ ನಡುವೆ ಆಗ ಹತ್ತು ದಿನವಿದ್ದ ಅಂತರ ಈಗ ಹದಿಮೂರು ದಿನವಾಗಿದೆ ಎಂಬಲ್ಲಿಗೆ ಅವರು ತಾವಾಗಿಯೇ ಬರಬೇಕು. ಎರಡು ನಿಮಿಷ ಸಮಯ, ಪೆನ್ನು ಹಾಳೆ ಕೊಡುತ್ತೇನೆ.