ಮನೆ ಹಿಂದೊಂದು ಪೆಟ್ರೋಲ್ ಬಂಕ್

ಹಳೇ ಕಾಲದ ಗ್ಯಾಸ್ ಸ್ಟೇಷನ್ ಥರ ಗ್ಯಾರೇಜ್ ಕಟ್ಟಿಸುತ್ತಿದ್ದೇನೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಗಾಬರಿಯಾದರು. "ಸಿಲಿಂಡರ್ ಇಡೋ ಗೋಡೌನಾ? ಮನೆ ಹತ್ರ ಅದೆಲ್ಲ ಬೇಡಪ್ಪ." ಹಿಂದಿನಿಂದ ಅಪ್ಪ ಕೂಗಿದ್ದು ಕೇಳಿಸಿತು: "ಗ್ಯಾಸ್ ಅಲ್ವೇ, ಬಂಕು ಬಂಕು!" ಅವರಿಗೆ ಬಿಡಿಸಿ ಹೇಳಬೇಕಾದ್ದೇ ಇರಲಿಲ್ಲ. ತಿಪಟೂರಿನ ಒಂದು ಬಂಕಿನಲ್ಲಿ ಇಪ್ಪತ್ತೆರಡು ವರ್ಷ ಪೆಟ್ರೋಲ್ ಹಾಕಿದವರು.

ನಾನಿರುವುದು ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಪಕ್ಕ. ಇಲ್ಲಿ ಪೆಟ್ರೋಲಿಗೆ ಗ್ಯಾಸ್ ಅನ್ನುತ್ತಾರೆ, ಬಂಕ್ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ, ಆದರೆ ಬಂಕುಗಳಿಗೆ ತವರುಮನೆ ಅಂತೇನಾದರೂ ಇದ್ದರೆ ಇದೇ ಊರು. 1885ರಲ್ಲಿ ಸಿಲ್ವೇನಸ್ ಬೌಸರ್ ಎಂಬಾತ ಇಲ್ಲಿನ ಅಂಗಡಿಯವನೊಬ್ಬನಿಗೆ ಸೀಮೆಎಣ್ಣೆ ಅಳೆದು ಕೊಡುವ ಪಂಪ್ ಮಾಡಿ ಮಾರಿದ. ಕಾರುಗಳು ಬಂದ ಮೇಲೆ ಅದೇ ಪೆಟ್ರೋಲಿಗೂ ಒದಗಿತು. ವಿಮಾನಕ್ಕೆ ಇಂಧನ ತುಂಬುವ ಟ್ಯಾಂಕರನ್ನು ನಮ್ಮಲ್ಲೂ ಬೌಸರ್ ಅನ್ನುತ್ತಾರಲ್ಲ, ಅದು ಈ ಮಹಾಶಯನ ಹೆಸರೇ. ವೇನ್, ಟೋಕ್‌ಹೈಮ್ ಎಂಬ ಇನ್ನೆರಡು ದೊಡ್ಡ ಪಂಪ್ ಕಂಪನಿಗಳು ಬೆಳೆದದ್ದೂ ಇಲ್ಲೇ. ಈ ಊರಲ್ಲಿ ಹದಿನೆಂಟು ವರ್ಷ ಇದ್ದು ಇದು ಗೊತ್ತಾಗದೆ ಹೋಗಿತ್ತು. ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ.

ಮೊದಲು ನನ್ನ ತಲೆಯಲ್ಲಿದ್ದದ್ದು ಟೆಕ್ಸಾಕೊದ ಬಿಳಿ ಡಬ್ಬಿ. ವಾಲ್ಟರ್ ಡಾರ್ವಿನ್ ಟೀಗ್ ಎಂಬ ವಿನ್ಯಾಸಕಾರ 1937ರ ಹೊತ್ತಿಗೆ ರೂಪಿಸಿದ್ದು: ಚಪ್ಪಟೆ ತಾರಸಿ, ಹೊಳೆಯುವ ಬಿಳಿ ಎನಾಮಲ್ ಫಲಕಗಳ ಗೋಡೆ, ಸುತ್ತ ಮೂರು ಹಸಿರು ಪಟ್ಟಿ, ಕೆಂಪು ನಕ್ಷತ್ರ. ಚಿತ್ರ ನೋಡಿದ ಹೆಂಡತಿ "ಮನೆ ಹಿಂದೆ ಫ್ರಿಜ್ ಮಲಗಿಸಿದ ಹಾಗಿದೆ" ಎಂದಳು. ಎನಾಮಲ್ ಫಲಕದ ರೇಟು ಕೇಳಿದ ಮೇಲೆ ನನಗೂ ಹಾಗೇ ಕಾಣತೊಡಗಿತು.

ಒಂದು ಶನಿವಾರ ಇಲಿನಾಯ್ ರಾಜ್ಯದ ಓಡೆಲ್‌ಗೆ ಹೋಗಿ ಬಂದೆವು. ಹಳೇ ರೂಟ್ 66 ರಸ್ತೆಯಲ್ಲಿ 1932ರಲ್ಲಿ ಕಟ್ಟಿದ ಸ್ಟ್ಯಾಂಡರ್ಡ್ ಆಯಿಲ್ ಬಂಕ್ ಅಲ್ಲಿದೆ, ದುರಸ್ತಿ ಮಾಡಿ ಚೆನ್ನಾಗಿ ಇಟ್ಟುಕೊಂಡಿದ್ದಾರೆ. ನೋಡಿದರೆ ಪುಟ್ಟ ಮನೆ. ಇಳಿಜಾರು ಮಾಡು, ಅದೇ ಮಾಡು ಮುಂದಕ್ಕೆ ಚಾಚಿ ಕಂಬಗಳ ಮೇಲೆ ನಿಂತು ಪಂಪುಗಳಿಗೆ ನೆರಳು. ನಮ್ಮ ಜಗಲಿ ಹಾಗೆಯೇ. ಆಗಿನ ಕಂಪನಿಗಳು ಬೇಕೆಂದೇ ಹೀಗೆ ಕಟ್ಟುತ್ತಿದ್ದವು: ಜನವಸತಿ ನಡುವೆ ಬಂಕ್ ಬಂದರೆ ಅಕ್ಕಪಕ್ಕದವರು ತಕರಾರು ತೆಗೆಯುತ್ತಾರೆ, ಮನೆಯಂತೆ ಕಂಡರೆ ಒಪ್ಪುತ್ತಾರೆ. ಇಷ್ಟು ವರ್ಷದ ಮೇಲೆ ಅದೇ ಉಪಾಯ ನನ್ನ ಕೆಲಸಕ್ಕೂ ಬಂತು. ಅನುಮತಿ ಕೊಡುವ ಕಚೇರಿಯಲ್ಲಿ ಮೊದಲ ನಕ್ಷೆ ವಾಪಸ್ ಬಂದಿತ್ತು. ಎತ್ತರ ಹೆಚ್ಚಾಯಿತು, ಮುಂದಿನ ಚಾವಣಿಯನ್ನೂ ಕಟ್ಟಡದ ವಿಸ್ತೀರ್ಣಕ್ಕೆ ಸೇರಿಸಬೇಕು, ಬೀದಿಗೆ ಕಾಣುವ ಬೋರ್ಡು ಕೂಡದು. ಇಳಿಜಾರು ಮಾಡಿನ ನಕ್ಷೆ ಕೊಟ್ಟು, ಮುಂದಿನ ಚಾವಣಿಯನ್ನು ಎಂಟು ಅಡಿಗೆ ಇಳಿಸಿ, ಬೋರ್ಡುಗಳನ್ನೆಲ್ಲ ಒಳಗೆ ಮತ್ತು ಹಿತ್ತಲ ಕಡೆಗೆ ಹಾಕುತ್ತೇನೆ ಎಂದ ಮೇಲೆ ಸಹಿ ಬಿತ್ತು.

ಕಟ್ಟಡ 30 ಅಡಿ ಅಗಲ, 40 ಅಡಿ ಉದ್ದ. ಕಾರು ಎತ್ತುವ ಲಿಫ್ಟ್ ಬೇಕಿದ್ದರಿಂದ ಒಳಗೆ 12 ಅಡಿ ಎತ್ತರ. ಹತ್ತು ಡಾಲರ್ ಖರ್ಚಾಗಿದ್ದರೆ ಅದರಲ್ಲಿ ಏಳು ಕಣ್ಣಿಗೆ ಕಾಣದ ಕಡೆಯೇ ಹೋಗಿದೆ. ಚಳಿಗಾಲದಲ್ಲಿ ಇಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬುತ್ತದೆ, ಹಾಗಾಗಿ ಪಾಯ ಮೂರು ಅಡಿ ಇಳಿಯಬೇಕು. ಜಲ್ಲಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಲಿಫ್ಟಿನ ಕಂಬ ಕೂರುವಲ್ಲಿ ಆರು ಇಂಚು. ಬಾಗಿಲ ಕಡೆಗೆ ಅಡಿಗೆ ಎಂಟನೇ ಒಂದು ಇಂಚಿನಷ್ಟು ಇಳಿಜಾರು, ಇಲ್ಲದಿದ್ದರೆ ಟೈರಿಗಂಟಿದ ಹಿಮ ಕರಗಿ ಒಳಗೇ ಕೆರೆಯಾಗುತ್ತದೆ. ಗೋಡೆ, ಛಾವಣಿ, ವೈರಿಂಗ್ ಬಲ್ಲವರಿಗೆ ವಹಿಸಿದೆ, ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ನೆಲದ ಕಥೆ ಹೇಳಲೇಬೇಕು. ಕಾಂಕ್ರೀಟಿಗೆ 28 ದಿನ ಎಂದು ಎಲ್ಲರೂ ಹೇಳುತ್ತಾರೆ. ಇಪ್ಪತ್ತೊಂಬತ್ತನೇ ದಿನಕ್ಕೆ ನಾನು ನೆಲಕ್ಕೆ ಬಳಿಯುವ ಎಪಾಕ್ಸಿ ಬಣ್ಣದ ಡಬ್ಬ ಹಿಡಿದು ನಿಂತಿದ್ದೆ. ಕಪ್ಪು ಬಿಳಿ ಚೌಕ, ಟೇಪ್ ಹಚ್ಚಿ ಹಚ್ಚಿ ನಾಲ್ಕು ವಾರಾಂತ್ಯ ಮಂಡಿಯೂರಿ ಬಳಿದೆ. ಮುಗಿದ ದಿನ ಚದುರಂಗದ ಮಣೆಯ ಹಾಗೆ ಹೊಳೆಯುತ್ತಿತ್ತು. ಮರುಬೇಸಿಗೆಗೆ ಅಲ್ಲಲ್ಲಿ ಗುಳ್ಳೆ ಎದ್ದವು. ಒಂದು ಸಂಜೆ ಹೆದ್ದಾರಿಯಿಂದ ಬಂದ ಕಾರು ನಿಲ್ಲಿಸಿ, ಬೆಳಗ್ಗೆ ತೆಗೆದರೆ ನಾಲ್ಕು ಟೈರಿಗೂ ಬಣ್ಣ ಅಂಟಿಕೊಂಡು ಎದ್ದು ಬಂದಿತ್ತು, ದೋಸೆ ಕಾವಲಿಯಿಂದ ಎದ್ದ ಹಾಗೆ. 28 ದಿನ ಅನ್ನುವುದು ಕಾಂಕ್ರೀಟ್ ಗಟ್ಟಿಯಾಗುವ ಲೆಕ್ಕ. ಒಣಗುವ ಲೆಕ್ಕವೇ ಬೇರೆ, ಇಂಚಿಗೆ ಒಂದು ತಿಂಗಳು ಅಂದುಕೊಂಡರೆ ಕ್ಷೇಮ. ಅದನ್ನು ನೋಡಿಕೊಳ್ಳಲು ದೊಡ್ಡ ಯಂತ್ರವೂ ಬೇಡ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಹದಿನಾರು ಗಂಟೆ ಬಿಟ್ಟು ತೆಗೆದು ನೋಡುವುದು. ಅಡಿಯಲ್ಲಿ ಬೆವರು ಕಂಡರೆ, ಕಾಂಕ್ರೀಟ್ ಕಪ್ಪಾಗಿದ್ದರೆ, ಬ್ರಷ್ ಮುಟ್ಟಬಾರದು. ಈ ಪರೀಕ್ಷೆ ನಾನು ಮಾಡಿದ್ದು ಎಲ್ಲ ಕಿತ್ತುಬಂದ ಮೇಲೆ.

ವಜ್ರದ ಹಲ್ಲಿನ ಗ್ರೈಂಡರ್ ಬಾಡಿಗೆಗೆ ತಂದು ಪೂರ್ತಿ ಉಜ್ಜಿ ತೆಗೆದೆ. ಉಜ್ಜುವಾಗ ಯೋಚಿಸಲು ಬೇಕಾದಷ್ಟು ಪುರುಸೊತ್ತು ಸಿಗುತ್ತದೆ. ಈ ಚದುರಂಗದ ನೆಲ ನಿಜವಾದ ಬಂಕಿನಲ್ಲಿ ಎಲ್ಲಿತ್ತು? ಹಳೇ ಫೋಟೊಗಳಲ್ಲಿ ಕಾರು ರಿಪೇರಿ ಮಾಡುವ ಜಾಗವೆಲ್ಲ ಬೋಳು ಕಾಂಕ್ರೀಟು, ಅದರ ಮೇಲೆ ಆಯಿಲ್ ಕಲೆ. ಕಪ್ಪು ಬಿಳಿ ಚೌಕದ ಮೋಹ ಹೋಟೆಲುಗಳ ಕಡೆಯಿಂದ ಬಂದದ್ದು ಅಂತ ನನ್ನ ಅನುಮಾನ. ಈಗ ಕಾರು ನಿಲ್ಲುವ ಜಾಗವೆಲ್ಲ ಬೂದು ಬಣ್ಣದ ಕಾಂಕ್ರೀಟ್, ಒಳಗೆ ಇಂಗುವ ಸೀಲರ್ ಮಾತ್ರ. ಮೂಲೆಯ ಹತ್ತಡಿ ಹನ್ನೆರಡಡಿ 'ಆಫೀಸಿ'ಗೆ ಚೌಕದ ವಿನೈಲ್ ಟೈಲ್, ಅಲ್ಲಿಗೆ ಬಿಸಿ ಟೈರು ಬರುವುದಿಲ್ಲ.

ಗೋಡೆಗೆ ಕೆಳಗಿನ ನಾಲ್ಕು ಅಡಿ ಹಸಿರು, ಮೇಲೆ ಕೆನೆಬಣ್ಣ, ನಡುವೆ ಒಂದು ಕಪ್ಪು ಗೆರೆ. ಅಪ್ಪಟ ನಲವತ್ತರ ದಶಕದ ಅಮೆರಿಕ. ಅಮ್ಮನಿಗೆ ವಿಡಿಯೊದಲ್ಲಿ ತೋರಿಸಿದೆ. "ದೊಡ್ಡಾಸ್ಪತ್ರೆ ವಾರ್ಡ್ ಇದ್ದಂಗಿದೆ" ಎಂದರು. ತಪ್ಪೇನಿಲ್ಲ, ಕೈಮಸಿ ಕಾಣಬಾರದೆಂಬ ಚಿಂತೆ ಎಲ್ಲ ಊರಲ್ಲೂ ಒಂದೇ.

ಅಲಂಕಾರ ಶುರುಮಾಡುವ ಮೊದಲೇ ನನಗೊಂದು ಕಟ್ಟಳೆ ಹಾಕಿಕೊಂಡೆ: 1948ನೇ ಇಸವಿ, ಇಂಡಿಯಾನಾದ ಒಂದು ಸಣ್ಣ ಊರು. ಅದರ ನಂತರದ್ದು, ಬೇರೆ ಸೀಮೆಯದ್ದು ಯಾವುದೂ ಗೋಡೆಗೆ ಬರಕೂಡದು. ನಾನು ನೋಡಿದ ಇಂಥ ಗ್ಯಾರೇಜುಗಳಲ್ಲಿ ಅರ್ಧಕ್ಕರ್ಧ ಜಾತ್ರೆ ಅಂಗಡಿಗಳು. ಸಿಂಕ್ಲೇರ್ ಡೈನೋಸಾರ್ ಪಕ್ಕ ಮೊಬಿಲ್‌ನ ರೆಕ್ಕೆಕುದುರೆ, ಅದರ ಕೆಳಗೆ ಶೆಲ್ ಚಿಪ್ಪು. ಒಂದೇ ಬಂಕಿನಲ್ಲಿ ಇಷ್ಟೂ ಕಂಪನಿ ಯಾವ ಕಾಲದಲ್ಲಿತ್ತು? ನಾನು ಸ್ಟ್ಯಾಂಡರ್ಡ್ ಆಯಿಲ್ ಹಿಡಿದೆ, ಈ ಸೀಮೆಯ ಕಂಪನಿ ಅದು. ಅವರ ಪಂಪಿನ ತಲೆಯ ಮೇಲಿನ ಗ್ಲೋಬ್ ಕಿರೀಟದ ಆಕಾರದ್ದು, ಹಾಲುಗಾಜು, ಒಳಗೆ ದೀಪ. ಮೂಲದ್ದಕ್ಕೆ ಹಣ ಸಾಲದೆ ಹೊಸ ಅಚ್ಚಿನದು ತಂದೆ, ಒಳಗೆ ಬಿಸಿಯಾಗದ ಎಲ್‌ಇಡಿ ಬಲ್ಬು. ಕೇಳಿದವರಿಗೆ ನಕಲಿ ಅಂತಲೇ ಹೇಳುತ್ತೇನೆ.

ಪಂಪ್ ಮಾತ್ರ ಅಸಲಿ. ಟೋಕ್‌ಹೈಮ್ ಕಂಪನಿಯ 39 ಎಂಬ ಮಾದರಿ. ಒಬ್ಬ ರೈತನ ಕೊಟ್ಟಿಗೆಯಲ್ಲಿ ಹುಲ್ಲಿನ ಹಿಂದೆ ನಿಂತಿತ್ತು, ಒಳಗೆ ಇಲಿ ಸಂಸಾರ. ಹಳೇ ಪಂಪ್ ಮನೆಗೆ ತರುವವರು ಮೊದಲು ನೋಡಬೇಕಾದ್ದು ಕೊಳವೆಗಳ ತಳ. ಇಷ್ಟು ವರ್ಷ ಕಳೆದರೂ ಅಲ್ಲೊಂದಿಷ್ಟು ಪೆಟ್ರೋಲಿನ ಮಡ್ಡಿ ಉಳಿದಿರುತ್ತದೆ. ಅದರ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಗ್ಯಾರೇಜಿನ ಹೀಟರಿನ ಜ್ವಾಲೆ ನೆಲದಿಂದ 18 ಇಂಚು ಮೇಲಿರಬೇಕೆಂಬ ನಿಯಮ ಇರುವುದು ಅದಕ್ಕೇ. ಅಂಗಳದಲ್ಲೇ ನಿಲ್ಲಿಸಿ, ಬಸಿದು, ಎಲ್ಲ ಕೊಳವೆಗೂ ಬಿರಡೆ ಹಾಕಿದ ಮೇಲೇ ಒಳಗೆ ತಂದೆ. ಈಗ ಅದರಲ್ಲಿ ಒಂದು ಹನಿ ಪೆಟ್ರೋಲ್ ಇಲ್ಲ, ಇರುವುದೂ ಇಲ್ಲ.

ಎರಡನೆಯದು ಬಣ್ಣ. ಪರೀಕ್ಷೆಯ ಕಡ್ಡಿ ಉಜ್ಜಿದೊಡನೆ ಕೆಂಪಾಯಿತು: ಸೀಸ. ಒಣ ಮರಳುಕಾಗದ ಹಿಡಿದಿದ್ದರೆ ಅಷ್ಟೂ ಧೂಳು ಮನೆಮಂದಿಯ ಎದೆಗೆ ಹೋಗುತ್ತಿತ್ತು. ರಾಸಾಯನಿಕ ಬಳಿದು, ಒದ್ದೆಯಾಗಿಯೇ ಹೆರೆದು, ಹೆರೆದದ್ದನ್ನೆಲ್ಲ ಚೀಲ ಕಟ್ಟಿ ಅಪಾಯಕಾರಿ ಕಸ ಪಡೆಯುವಲ್ಲಿಗೆ ಕೊಟ್ಟುಬಂದೆ. ಮೂರು ಪದರ ಬಣ್ಣದ ಕೆಳಗೆ ಮೊದಲಿನ ಕೆಂಪು ಸಿಕ್ಕಿತು, ಅಂಗೈಯಗಲದ ಒಂದು ತುಂಡು. ಅದನ್ನೇ ಬಣ್ಣದಂಗಡಿಗೆ ಒಯ್ದು ಹೊಂದಿಸಿಕೊಂಡೆ.

ಒಳಗೆ ಲೆಕ್ಕದ ಯಂತ್ರವಿದೆ. ಹಲ್ಲುಚಕ್ರಗಳ ಮೇಲೆ ಅಂಕಿಯ ಗಾಲಿಗಳು. ಎಷ್ಟು ಗ್ಯಾಲನ್ ಹೋಯಿತು, ಎಷ್ಟು ದುಡ್ಡಾಯಿತು, ಎರಡನ್ನೂ ಒಟ್ಟಿಗೆ ತಿರುಗಿಸುತ್ತವೆ. ಕಲ್ಲಾಗಿ ಕೂತಿತ್ತು. ತುಕ್ಕು ಬಿಡಿಸುವ ಎಣ್ಣೆಯನ್ನು ದಿನಾ ಬೆಳಗ್ಗೆ ನಾಲ್ಕು ಹನಿ, ಎರಡು ವಾರ ಬಿಟ್ಟೆ. ಹದಿನೈದನೇ ದಿನ ಬೆರಳಲ್ಲಿ ತಿರುವಿದರೆ ಟಕ್ ಎಂದು ಒಂದು ಹಲ್ಲು ಜರುಗಿತು, ಆಮೇಲೆ ಇನ್ನೊಂದು. ಸೊನ್ನೆ ಹೋಗಿ ಒಂದು ಬಂದಾಗ ಹೆಂಡತಿಯನ್ನು ಅಡುಗೆಮನೆಯಿಂದ ಕೂಗಿ ಕರೆದೆ. "ಇಷ್ಟಕ್ಕಾ?" ಎಂದು ಹೋದಳು. ದರದ ಗಾಲಿಯಲ್ಲಿ 25.9 ಸೆಂಟ್ ಇಟ್ಟಿದ್ದೇನೆ, ಆ ಕಾಲದ ಆಸುಪಾಸು ಅಷ್ಟೇ. ಇಂಥ ಯಂತ್ರಗಳು 99.9 ಸೆಂಟಿನ ಮೇಲೆ ಹೋಗಲಾರವು. 1979-80ರಲ್ಲಿ ಗ್ಯಾಲನ್ ಬೆಲೆ ಡಾಲರ್ ದಾಟಿದಾಗ ಎಷ್ಟೋ ಬಂಕಿನವರು ಅರ್ಧ ಗ್ಯಾಲನ್ ದರ ಹಾಕಿ, ಬಂದ ಮೊತ್ತವನ್ನು ಎರಡರಿಂದ ಗುಣಿಸಿ ದುಡ್ಡು ತೆಗೆದುಕೊಳ್ಳುತ್ತಿದ್ದರು.

ಎನಾಮಲ್ ಬೋರ್ಡಿನಲ್ಲಿ ಮೋಸ ಹೋದೆ. ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬ ಅಸಲಿ ಎಂದ, ಅಂಚಿನ ತುಕ್ಕು ನೋಡಿ ನಂಬಿದೆ. ಮನೆಗೆ ತಂದು ಭೂತಗನ್ನಡಿ ಹಿಡಿದಾಗ ಗೊತ್ತಾಯಿತು. ಅಸಲಿ ಬೋರ್ಡಿನಲ್ಲಿ ಒಂದೊಂದು ಬಣ್ಣವನ್ನೂ ಬೇರೆಬೇರೆಯಾಗಿ ಹರಡಿ ಕುಲುಮೆಯಲ್ಲಿ ಬೇಯಿಸುತ್ತಿದ್ದರು. ಮೊಳೆಯ ತೂತಿನ ಅಂಚು ನೋಡಿದರೆ ಆ ಪದರಗಳು ಮೆಟ್ಟಿಲಿನ ಹಾಗೆ ಕಾಣುತ್ತವೆ, ಬೆರಳಿಗೂ ತಿಳಿಯುತ್ತದೆ. ನನ್ನದರಲ್ಲಿ ಎಲ್ಲವೂ ಒಂದೇ ಸಪಾಟು. ಸ್ಕ್ರೂ ಬಿಗಿದು ಬಿಚ್ಚಿ ಸಿಡಿದ ಚಕ್ಕೆ ಅಸಲಿಯಲ್ಲಿ ತೂತಿನ ಸುತ್ತಲೇ ಇರುತ್ತದೆ; ಇದರಲ್ಲಿ ಬೇಕೆಂದೇ ಸುತ್ತಿಗೆಯಲ್ಲಿ ಹೊಡೆದ ಹಾಗೆ ಎಲ್ಲೆಂದರಲ್ಲಿ, ತುಕ್ಕೂ ಒಂದೇ ಕಿತ್ತಳೆ ಬಣ್ಣ. ತಗಡೂ ತೆಳು. ಅದೀಗ ಡಸ್ಟ್‌ಬಿನ್ ಹಿಂದಿನ ಗೋಡೆಯಲ್ಲಿದೆ.

ಬೆಲ್ ಬಗ್ಗೆ ಒಂದು ಮಾತು. ಹಳೇ ಬಂಕುಗಳ ಮುಂದೆ ದಾರಿಗಡ್ಡ ಕಪ್ಪು ರಬ್ಬರ್ ಕೊಳವೆ ಮಲಗಿರುತ್ತಿತ್ತು. ಟೈರ್ ಹತ್ತಿದೊಡನೆ ಒಳಗಿನ ಗಾಳಿ ಒತ್ತಿ ಗಂಟೆ ಹೊಡೆಯುತ್ತದೆ, ಮುಂದಿನ ಗಾಲಿಗೊಂದು, ಹಿಂದಿನ ಗಾಲಿಗೊಂದು. ಕೊಳವೆಯ ಆಚೆ ತುದಿ ಭದ್ರವಾಗಿ ಮುಚ್ಚಿರಬೇಕು, ಅಷ್ಟೇ ವಿದ್ಯೆ. ಮೊದಲ ಚಳಿಗಾಲದಲ್ಲಿ ಹಿಮದಡಿ ಇದ್ದ ಕೊಳವೆಯನ್ನು ನನ್ನದೇ ಹಿಮ ಎಸೆಯುವ ಯಂತ್ರ ನುಂಗಿತು. ಈಗ ನವೆಂಬರಿನಲ್ಲಿ ಸುತ್ತಿಟ್ಟು ಏಪ್ರಿಲ್‌ನಲ್ಲಿ ಬಿಚ್ಚುತ್ತೇನೆ.

1948ರ ಕಟ್ಟಳೆ ಒಂದೇ ಕಡೆ ಮುರಿದಿದೆ. ಅಪ್ಪ ಕೆಲಸ ಮಾಡುತ್ತಿದ್ದದ್ದು ಬರ್ಮಾ ಶೆಲ್ ಬಂಕಿನಲ್ಲಿ. 1976ರ ಜನವರಿಯಲ್ಲಿ ಸರ್ಕಾರ ಕಂಪನಿಯನ್ನು ವಹಿಸಿಕೊಂಡು, ಮರುವರ್ಷ ಅದು ಭಾರತ್ ಪೆಟ್ರೋಲಿಯಂ ಆಯಿತು, ಹಳೇ ಬೋರ್ಡುಗಳು ಇಳಿದವು. ಎರಡಡಿಯ ಒಂದು ಬೋರ್ಡು ನಮ್ಮ ಹಿತ್ತಲಿನ ಹಂಡೆಗೆ ಮುಚ್ಚಳವಾಗಿ ಬಂತು. ನಲವತ್ತು ಚಿಲ್ಲರೆ ವರ್ಷ ಹಬೆ ಕುಡಿದು ಕೂತಿದ್ದ ಅದನ್ನು ಸೀರೆಗಳ ನಡುವೆ ಸೂಟ್‌ಕೇಸಿನಲ್ಲಿಟ್ಟು ತಂದೆ. ಆಫೀಸಿನ ಗಲ್ಲಾಪೆಟ್ಟಿಗೆಯ ಮೇಲೆ ಅದಿದೆ. ತೂತಿನ ಅಂಚಲ್ಲಿ ಮೆಟ್ಟಿಲು ಎಣಿಸಬಹುದು.

ಹೋದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು, 84 ವರ್ಷ. ಕೈ ಹಿಂದೆ ಕಟ್ಟಿ ಒಂದು ಸುತ್ತು ಹಾಕಿದರು. ಕಿರೀಟ, ನಿಯಾನ್ ಗಡಿಯಾರ, ಲಿಫ್ಟು, ಯಾವುದಕ್ಕೂ ಮಾತಿಲ್ಲ. "ಅಳತೆ ಕ್ಯಾನ್ ಎಲ್ಲಿ?" ಎಂದರು. ಪುಣ್ಯಕ್ಕೆ ಅದಿತ್ತು, ತೂಕ ಮತ್ತು ಅಳತೆಯವರು ಪಂಪ್ ಪರೀಕ್ಷೆಗೆ ಬಳಸುವ ಐದು ಗ್ಯಾಲನ್ ಪಾತ್ರೆ. ಸುಮಾರು 19 ಲೀಟರ್ ಎಂದೆ. ಕತ್ತಿನ ಗಾಜು ಉಜ್ಜಿ ನೋಡಿ, "ಇಷ್ಟು ದೊಡ್ಡದು ಯಾಕೆ? ನಮ್ಮದು ಐದು ಲೀಟರ್. ಯಾರಾದ್ರೂ ಜಗಳಕ್ಕೆ ಬಂದ್ರೆ ಅವರ ಮುಂದೇನೇ ಹಿಡಿದು ತೋರಿಸ್ತಿದ್ವಿ" ಎಂದರು. ಆಮೇಲೆ, "ಮರಳಿನ ಬಕೆಟ್?"

ಅದಿರಲಿಲ್ಲ. ಕೆಂಪು ಬಕೆಟ್ಟುಗಳಿಲ್ಲದ ಬಂಕನ್ನು ಅವರು ಬಂಕು ಎಂದು ಒಪ್ಪಲಿಲ್ಲ. ಮರುದಿನವೇ ನಾಲ್ಕು ತಗಡಿನ ಬಕೆಟ್, ಮಕ್ಕಳು ಆಡುವ ಮರಳಿನ ಎರಡು ಮೂಟೆ ತಂದೆವು. ಪಂಪಿಗೆ ಉಳಿದಿದ್ದ ಕೆಂಪನ್ನೇ ಬಳಿದು, ನಡುಗುವ ಕೈಯಲ್ಲಿ ಬಿಳಿ ಅಕ್ಷರ ಅವರೇ ಬರೆದರು. ಪೈಪಿನ ಸ್ಟ್ಯಾಂಡಿಗೆ ತೂಗುಹಾಕಿದ ಮೇಲೂ ಪೂರ್ತಿ ಸಮಾಧಾನವಿಲ್ಲ. ಬಂಕಿನ ಬಕೆಟ್ಟಿನ ತಳ ಗುಂಡಗಿರಬೇಕಂತೆ. "ಕೆಳಗಿಟ್ರೆ ಉರುಳ್ಬೇಕು ಕಣೋ. ಚಪ್ಪಟೆ ಇದ್ರೆ ಯಾರಾದ್ರೂ ಬೇರೆ ಕೆಲಸಕ್ಕೆ ಎತ್ಕೊಂಡು ಹೋಗ್ತಾರೆ."

ಗುಂಡು ತಳದ್ದು ಇಲ್ಲಿನ ಅಂಗಡಿಗಳಲ್ಲಿ ಸಿಗಲಿಲ್ಲ. ಸ್ಟ್ಯಾಂಡಿನಲ್ಲಿ ಈಗ ಮೂರೇ ಬಕೆಟ್ ಇವೆ. ನಾಲ್ಕನೆಯದರ ಮರಳನ್ನು ಗುಲಾಬಿ ಗಿಡದ ಬುಡಕ್ಕೆ ಸುರಿದು, ಮಗಳು ತನ್ನ ಕಾರು ತೊಳೆಯಲು ಒಯ್ದಿದ್ದಾಳೆ.