ಕೊಡಗಿನಲ್ಲಿ ಹಾಸ್ಟೆಲ್ ರೆಪ್ ಆಗ್ತೀರಾ? ಮಳೆಗೆ ಮುಂಚೆ ಇಷ್ಟು ಮಾಡಿಕೊಳ್ಳಿ

ಹಾಸ್ಟೆಲ್ ಪ್ರತಿನಿಧಿ ಆಗಲು ಯಾರೂ ಮುಗಿಬೀಳುವುದಿಲ್ಲ. ಮೀಟಿಂಗ್‌ನಲ್ಲಿ ವಾರ್ಡನ್ ‘ಯಾರಪ್ಪಾ ಆಗ್ತೀರಿ?’ ಅಂತ ಕೇಳುತ್ತಾರೆ. ಎಲ್ಲರೂ ತಲೆ ತಗ್ಗಿಸುತ್ತಾರೆ. ಹಿಂದಿನ ಸಾಲಿನಿಂದ ಯಾರೋ ನಿಮ್ಮ ಹೆಸರು ಕೂಗುತ್ತಾರೆ. ಅಲ್ಲಿಗೆ ನೀವೇ ರೆಪ್! ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದೇ ಕೆಲಸ ಮಾಡುವವರಿಗೆ ‘ರೆಸಿಡೆಂಟ್ ಅಸಿಸ್ಟೆಂಟ್’ ಎನ್ನುತ್ತಾರೆ. ಅಲ್ಲಿ ಬಹಳ ಕಡೆ ಅವರಿಗೆ ರೂಮು ಉಚಿತ, ಕೆಲವು ಕಡೆ ಊಟವೂ ಉಚಿತ. ನಮ್ಮಲ್ಲಿ ಮೀಟಿಂಗ್ ದಿನದ ಟೀ ಖರ್ಚು ಕೂಡ ರೆಪ್ ಜೇಬಿನಿಂದಲೇ.

ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ, ಚಿಕ್ಕ ಅಳುವಾರ ಹೀಗೆ ಕೊಡಗಿನ ಯಾವ ಕ್ಯಾಂಪಸ್ ಹಾಸ್ಟೆಲ್ ತೆಗೆದುಕೊಂಡರೂ ಒಂದು ಮಾತು ನಿಜ. ರೆಪ್ ಆದವರ ಇಡೀ ವರ್ಷ ಹೇಗಿರುತ್ತದೆ ಅನ್ನುವುದು ಜೂನ್‌ನಲ್ಲೇ ಗೊತ್ತಾಗಿಬಿಡುತ್ತದೆ. ಮಳೆ ಹಿಡಿಯುವ ಮೊದಲು ಮಾಡಿಟ್ಟದ್ದಷ್ಟೇ ಕೈಗೆ ಸಿಗುವುದು.

ಹಂತ 1: ‘ಹ್ಞೂಂ’ ಅನ್ನುವ ಮೊದಲು

ವಾರ್ಡನ್ ಹತ್ತಿರ ಒಬ್ಬರೇ ಹೋಗಿ ಮೂರು ವಿಷಯ ಕೇಳಿಕೊಳ್ಳಿ. ಮೆಸ್ ದುಡ್ಡು ನನ್ನ ಕೈಗೆ ಬರುತ್ತದಾ? ಮಧ್ಯರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೆ ಮತ್ತೆ ಯಾರಿಗೆ? ಔಟಿಂಗ್ ರಿಜಿಸ್ಟರ್ ನೋಡಿಕೊಳ್ಳುವುದು ನನ್ನ ಕೆಲಸವಾ, ವಾಚ್‌ಮನ್ ಕೆಲಸವಾ?

ಮೂರನೆಯದರಲ್ಲಿ ಗಟ್ಟಿಯಾಗಿರಿ. ತಡವಾಗಿ ಬಂದವರ ಹೆಸರು ಬರೆದುಕೊಳ್ಳುವ ರೆಪ್ ಹತ್ತಿರ ಆಮೇಲೆ ಯಾರೂ ಕಷ್ಟ ಹೇಳಿಕೊಳ್ಳುವುದಿಲ್ಲ. ಆ ಕೆಲಸ ಬೇಡ ಎಂದು ಮೊದಲ ದಿನವೇ ಹೇಳಿಬಿಡಿ.

ಹಂತ 2: ಒಂದು ನೋಟ್‌ಬುಕ್

ರೂಮಿನ ಪ್ರಕಾರ ಪಟ್ಟಿ ಮಾಡಿ. ಹೆಸರು, ಮನೆಯವರ ನಂಬರ್, ರಕ್ತದ ಗುಂಪು, ಅಸ್ತಮಾ, ಫಿಟ್ಸ್, ದಿನಾ ನುಂಗುವ ಮಾತ್ರೆ, ಯಾವುದಾದರೂ ಅಲರ್ಜಿ. ಇದರ ಜೊತೆ ಕೊಡಗಿನಲ್ಲಿ ಇನ್ನೊಂದು ಕಾಲಂ ಬೇಕು: ಊರಿಗೆ ಹೋಗುವ ದಾರಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆಯೇ ಬಂದ್ ಆಗಿತ್ತು. ಭಾಗಮಂಡಲದ ಸಂಗಮದಲ್ಲಂತೂ ಮಳೆಗಾಲದಲ್ಲಿ ನೀರು ಮೇಲೆ ಬರುವುದು ಮಾಮೂಲು. ಯಾವ ದಾರಿ ಮುಚ್ಚಿದರೆ ಯಾರು ಹಾಸ್ಟೆಲ್‌ನಲ್ಲೇ ಉಳಿಯುತ್ತಾರೆ ಅನ್ನುವುದು ಆ ಕಾಲಂ ನೋಡಿದರೆ ಗೊತ್ತಾಗಬೇಕು. ಈ ಪುಸ್ತಕವನ್ನು ಬೀಗ ಹಾಕಿ ಇಡಿ. ಫೋಟೋ ತೆಗೆದು ಗ್ರೂಪ್‌ಗೆ ಹಾಕಬೇಡಿ.

ಮೊದಲ ಪುಟದಲ್ಲಿ ಈ ನಂಬರ್‌ಗಳಿರಲಿ: ಆಂಬ್ಯುಲೆನ್ಸ್ 108, ಪೊಲೀಸ್ ಮತ್ತು ಇತರ ತುರ್ತಿಗೆ 112, ಕರೆಂಟ್ ದೂರಿಗೆ ವಿದ್ಯುತ್ ಕಂಪನಿ ಸೆಸ್ಕ್‌ನ 1912, ಗ್ಯಾಸ್ ಸೋರಿಕೆಗೆ 1906, ಅರಣ್ಯ ಇಲಾಖೆಯ 1926.

ಹಂತ 3: ಮಳೆ

ಕಟ್ಟಡದಿಂದ ಶುರು ಮಾಡಿ. ಮೇ ಕೊನೆಯೊಳಗೆ ತಾರಸಿ ಹತ್ತಿ ನೀರಿಳಿಯುವ ಪೈಪಿನ ಬಾಯಿಗೆ ಕಟ್ಟಿಕೊಂಡ ಎಲೆ ತೆಗೆಸಿ. ಮೊದಲ ಜೋರು ಮಳೆ ಬಿದ್ದ ದಿನವೇ ಎಲ್ಲ ರೂಮು ಸುತ್ತಿ, ಸೋರುವ ಜಾಗದ ಫೋಟೋ ತೆಗೆದು, ರೂಮ್ ನಂಬರ್, ದಿನಾಂಕ ಬರೆದು ವಾರ್ಡನ್‌ಗೆ ಪತ್ರ ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ಆಫೀಸಿನ ಬಾಗಿಲು ದಾಟುವುದಿಲ್ಲ. ಪತ್ರದ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ.

ಬಿಸಿನೀರಿನದು ದೊಡ್ಡ ರಗಳೆ. ಸೋಲಾರ್ ಇದ್ದರೆ ಜುಲೈಯಲ್ಲಿ ಅದು ಹೆಸರಿಗಷ್ಟೇ. ಸೌದೆ ಒಲೆ ಇದ್ದರೆ ಒಣ ಸೌದೆ ಮಳೆಗೆ ಮೊದಲೇ ಸೂರಿನಡಿ ಸೇರಬೇಕು. ಎರಡೂ ಕೈಕೊಟ್ಟಾಗ ಹುಡುಗರು ಬಕೆಟ್ಟಿಗೆ ಹೀಟರ್ ಕಾಯಿಲ್ ಇಳಿಸುತ್ತಾರೆ. ಒದ್ದೆ ನೆಲ, ಹಳೇ ಪ್ಲಗ್ಗು, ಕಬ್ಬಿಣದ ಬಕೆಟ್. ಇದರಲ್ಲಿ ಸ್ನೇಹ, ದಾಕ್ಷಿಣ್ಯ ಏನೂ ಬೇಡ, ಕಾಯಿಲ್ ಕಂಡರೆ ವಾರ್ಡನ್‌ಗೆ ಒಪ್ಪಿಸಿ. ಆದರೆ ಸುಮ್ನೆ ಕಿತ್ತುಕೊಂಡರೆ ಪ್ರಯೋಜನವಿಲ್ಲ. ಯಾವ ಮಹಡಿಗೆ ಎಷ್ಟು ಹೊತ್ತಿಗೆ ಬಿಸಿನೀರು ಎಂದು ಪಾಳಿ ಮಾಡಿ ಗೋಡೆಗೆ ಅಂಟಿಸಿ. ಮರ ಬಿದ್ದು ಲೈನ್ ಹೋದರೆ ಕರೆಂಟ್ ಬರಲು ದಿನವೇ ಹಿಡಿಯಬಹುದು. ರೂಮಿನೊಳಗೆ ಕ್ಯಾಂಡಲ್ ಬೇಡ, ಚಾರ್ಜ್ ಮಾಡುವ ಲೈಟ್ ಇರಲಿ.

ರಾಯಚೂರು, ಕಲಬುರಗಿ, ವಿಜಯಪುರದಿಂದ ಮೊದಲ ಸಲ ಬರುವವರಿಗೆ ಸೀಟು ಸಿಕ್ಕ ಕೂಡಲೇ ಒಂದು ಮೆಸೇಜ್ ಕಳಿಸಿ. ಗಟ್ಟಿ ಕೊಡೆ ತನ್ನಿ. ಜೀನ್ಸ್ ಕಡಿಮೆ ಮಾಡಿ, ವಾರವಾದರೂ ಒಣಗಲ್ಲ. ಮಾರ್ಕ್ಸ್ ಕಾರ್ಡ್‌ಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಚರ್ಮದ ಶೂ ಮನೆಯಲ್ಲೇ ಬಿಡಿ. ಜಿಗಣೆ ಕಚ್ಚಿದರೆ ಕೀಳಬೇಡಿ, ಉಪ್ಪು ಹಾಕಿ, ಅದೇ ಉದುರುತ್ತದೆ.

ಇನ್ನು ಮಳೆ ರಜೆ. ಬೆಳಿಗ್ಗೆ ಆರಕ್ಕೇ ಗ್ರೂಪ್‌ನಲ್ಲಿ ಜಿಲ್ಲಾಧಿಕಾರಿ ಆದೇಶದ ಫೋಟೋ ಬರುತ್ತದೆ. ಅದು ಹೋದ ವರ್ಷದ್ದೂ ಆಗಿರಬಹುದು, ದಿನಾಂಕ ನೋಡಿ. ದಿನಾಂಕ ಸರಿಯಿದ್ದರೂ ಪೂರ್ತಿ ಓದಿ. ಎಷ್ಟೋ ಸಲ ರಜೆ ಅಂಗನವಾಡಿಯಿಂದ ಪಿಯುವರೆಗೆ ಮಾತ್ರ, ಡಿಗ್ರಿಯವರು ಕೊಡೆ ಹಿಡಿದು ಹೊರಡಲೇಬೇಕು. ಡಿಗ್ರಿಗೂ ರಜೆ ಅಂತಾದರೆ ಕಥೆಯೇ ಬೇರೆ. ಎಂಟಕ್ಕೆ ತಿಂಡಿಗೆ ಬರುವವರು ಹತ್ತಕ್ಕೆ ಬರುತ್ತಾರೆ. ಎಲ್ಲರಿಗೂ ಒಟ್ಟಿಗೇ ಬಿಸಿನೀರು ಬೇಕು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಿನ್ನುತ್ತಿದ್ದವರೂ ಮೆಸ್ಸಿಗೇ ಬರುತ್ತಾರೆ. ಅಕ್ಕಿ ಅಳೆಯುವ ಭಟ್ಟರಿಗೆ ಇದನ್ನು ಯಾರೂ ಹೇಳಿರುವುದಿಲ್ಲ. ರಜೆ ಖಚಿತವಾದ ಕೂಡಲೇ ಅಡುಗೆಮನೆಗೆ ಹೋಗಿ ‘ಭಟ್ರೇ, ಮಧ್ಯಾಹ್ನಕ್ಕೆ ಇಷ್ಟು ಜನ’ ಅಂತ ಹೇಳುವುದು ನಿಮ್ಮ ಕೆಲಸ.

ಹಂತ 4: ಮೆಸ್ ಲೆಕ್ಕ

ಹಾಸ್ಟೆಲ್‌ನಲ್ಲಿ ಜಗಳ ಶುರುವಾಗುವುದೇ ಇಲ್ಲಿ. ಖರ್ಚನ್ನು ಹಂಚಿಕೊಳ್ಳುವ ಡಿವೈಡಿಂಗ್ ಮೆಸ್ ಆಗಿದ್ದರೆ ಲೆಕ್ಕ ಸರಳ. ತಿಂಗಳ ಖರ್ಚನ್ನು ಎಲ್ಲರೂ ಉಂಡ ದಿನಗಳ ಒಟ್ಟು ಮೊತ್ತದಿಂದ ಭಾಗಿಸಿ. ಉದಾಹರಣೆಗೆ ದಿನಸಿ, ತರಕಾರಿ, ಹಾಲು ಸೇರಿ ₹1,80,000 ಆಯಿತು ಅನ್ನಿ. 60 ಜನರ ಊಟದ ದಿನ ಕೂಡಿದರೆ 1,500. ಅಲ್ಲಿಗೆ ದಿನಕ್ಕೆ ₹120. 22 ದಿನ ಉಂಡವರಿಗೆ ₹2,640.

ತಕರಾರು ಬರುವುದು ಊರಿಗೆ ಹೋದವರ ಲೆಕ್ಕದಲ್ಲಿ. ಭಟ್ಟರ ಸಂಬಳ ಯಾರು ಊರಿಗೆ ಹೋದರೂ ಇಳಿಯುವುದಿಲ್ಲ, ಗ್ಯಾಸ್ ಖರ್ಚೂ ಅಷ್ಟಾಗಿ ಇಳಿಯುವುದಿಲ್ಲ. ಆದ್ದರಿಂದ ಇವೆರಡನ್ನು ಬೇರೆ ತೆಗೆದು ಎಲ್ಲರಿಗೂ ಸಮನಾಗಿ ಹಾಕಿ. ಎಷ್ಟು ದಿನ ಸತತವಾಗಿ ಇಲ್ಲದಿದ್ದರೆ ಮೆಸ್ ಕಟ್ (ಆ ದಿನಗಳ ಊಟದ ಖರ್ಚಿನಿಂದ ವಿನಾಯಿತಿ) ಸಿಗುತ್ತದೆ, ಎಷ್ಟು ಮೊದಲು ಬರೆದುಕೊಡಬೇಕು ಅನ್ನುವುದನ್ನು ಮೊದಲ ಮೀಟಿಂಗ್‌ನಲ್ಲೇ ಬರೆದು ಎಲ್ಲರಿಂದ ಸಹಿ ಹಾಕಿಸಿ. ಬಿಲ್ಲುಗಳನ್ನು ನೋಟಿಸ್ ಬೋರ್ಡಿಗೆ ಹಾಕಿ. ನೋಡುವವರು ಇಬ್ಬರೇ ಇರಬಹುದು, ಆದರೂ ಹಾಕಿ.

ಹಬ್ಬದ ಕ್ಯಾಲೆಂಡರ್ ಅಡುಗೆಮನೆಯಲ್ಲೂ ಇರಲಿ. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ, ಹುಣ್ಣಿಮೆ ನೋಡಿ ನವೆಂಬರ್–ಡಿಸೆಂಬರ್‌ನಲ್ಲಿ ಬರುವ ಪುತ್ತರಿ. ಈ ದಿನಗಳಲ್ಲಿ ಕೊಡಗಿನವರೆಲ್ಲ ಮನೆಗೆ, ದೂರದೂರಿನವರಷ್ಟೇ ಹಾಸ್ಟೆಲ್‌ನಲ್ಲಿ. ಹಿಂದಿನ ಸಂಜೆಯೇ ಲೆಕ್ಕ ಕೊಡಿ, ಇಲ್ಲದಿದ್ದರೆ ಮಾರನೇ ದಿನ ಎರಡು ಹೊತ್ತೂ ಚಿತ್ರಾನ್ನವೇ ಗತಿ.

ಕೊಡವರ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಯಾರದೋ ಮನೆಯಿಂದ ಮದ್ದು ಸೊಪ್ಪು ಬಂದು ಪಾಯಸ ಆಗುತ್ತದೆ. ಬಡಿಸುವ ಮೊದಲೇ ಒಂದು ಮಾತು ಜೋರಾಗಿ ಹೇಳಿಬಿಡಿ: ಇದನ್ನು ತಿಂದರೆ ಮೂತ್ರ ಕೆಂಪಾಗುತ್ತದೆ, ಅದು ಸೊಪ್ಪಿನ ಬಣ್ಣ, ಹೆದರಬೇಡಿ. ಹೇಳದೆ ಬಿಟ್ಟರೆ ಬೆಳಗಿನ ಜಾವ ಬಯಲುಸೀಮೆಯ ಹುಡುಗನೊಬ್ಬ ಬೆವರುತ್ತಾ ನಿಮ್ಮ ಬಾಗಿಲು ಬಡಿಯುತ್ತಾನೆ. ಹಂದಿ ಮಾಂಸ ಮಾಡುವ ದಿನ ಪಾತ್ರೆ, ಸೌಟು ಬೇರೆ ಇರಲಿ. ತಿನ್ನದವರಿಗೆ ಪಲ್ಯ ಮಾತ್ರ ಇಟ್ಟು ಕೈತೊಳೆದುಕೊಳ್ಳಬೇಡಿ, ಅವರಿಗೂ ಆ ದಿನ ಏನಾದರೂ ವಿಶೇಷ ಆಗಲಿ.

ಹಂತ 5: ಜಗಳ, ರ‍್ಯಾಗಿಂಗ್, ಬೇಸರ

ರೂಮ್‌ಮೇಟ್ ಜಗಳಗಳಲ್ಲಿ ಮುಕ್ಕಾಲು ಪಾಲು ಸಣ್ಣವು. ಸೋಮವಾರಪೇಟೆಯವನಿಗೆ ಕಿಟಕಿ ತೆರೆದಿರಬೇಕು, ರಾಯಚೂರಿನವನಿಗೆ ಮುಚ್ಚಿರಬೇಕು. ಇಬ್ಬರನ್ನೂ ಕೂರಿಸಿ, ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಬಾಯಿ ಹಾಕದಂತೆ ನೋಡಿಕೊಳ್ಳಿ. ಸಾಮಾನ್ಯವಾಗಿ ಅಷ್ಟಕ್ಕೇ ಇಳಿಯುತ್ತದೆ. ಇಳಿಯದಿದ್ದರೆ ರೂಮ್ ಬದಲಿಸಲು ವಾರ್ಡನ್‌ಗೆ ಬರೆಯಿರಿ. ತೀರ್ಪು ಕೊಡಲು ಹೋಗಬೇಡಿ.

ರ‍್ಯಾಗಿಂಗ್‌ನಲ್ಲಿ ಹಾಗಲ್ಲ. ಅಲ್ಲಿ ರಾಜಿ ಪಂಚಾಯಿತಿಗೆ ಜಾಗವೇ ಇಲ್ಲ. ‘ಪರಿಚಯ ಮಾಡ್ಕೊಳ್ತಿದ್ವಿ ಅಷ್ಟೇ ಅಣ್ಣಾ’ ಎಂಬ ಮಾತು ಕೇಳಿ ಬಿಟ್ಟರೆ ನೀವೂ ಅದರಲ್ಲಿ ಸೇರಿದ ಹಾಗೆ. ಯುಜಿಸಿಯ 2009ರ ನಿಯಮದ ಪ್ರಕಾರ, ವಿಷಯ ಅಪರಾಧದ ಮಟ್ಟದ್ದಾದರೆ ಕಾಲೇಜಿನ ಮುಖ್ಯಸ್ಥರು 24 ಗಂಟೆಯೊಳಗೆ ಪೊಲೀಸ್ ದೂರು ಕೊಡಬೇಕು. ನೀವು ಕೇಳಿದ್ದನ್ನು ಅವತ್ತೇ ವಾರ್ಡನ್‌ಗೆ ತಿಳಿಸಿ. 1800-180-5522 ಸಹಾಯವಾಣಿ ನಂಬರನ್ನು ಪ್ರತಿ ಮಹಡಿಯಲ್ಲೂ ಅಂಟಿಸಿ. ಬಾತ್‌ರೂಮಿನ ಬಾಗಿಲ ಒಳಗಡೆ ಅಂಟಿಸಿದರೆ ಇನ್ನೂ ಒಳ್ಳೆಯದು, ಅಲ್ಲಿ ಯಾರ ಭಯವೂ ಇಲ್ಲದೆ ಬರೆದುಕೊಳ್ಳಬಹುದು.

ವಾರಗಟ್ಟಲೆ ಬಿಸಿಲು ಕಾಣದ ತಿಂಗಳಲ್ಲಿ ಮಂಕಾಗುವವರು ಜಾಸ್ತಿ. ಅವರು ನಿಮ್ಮ ಹತ್ತಿರ ಬಂದು ಹೇಳುವುದಿಲ್ಲ. ಮೆಸ್ ಪುಸ್ತಕ ತೆಗೆದು ನೋಡಿ, ಊರಿಗೂ ಹೋಗದೆ, ಮೂರು ದಿನ ಊಟಕ್ಕೂ ಬಾರದ ಹೆಸರು ಸಿಗುತ್ತದೆ. ಒಂದು ತಟ್ಟೆಯಲ್ಲಿ ಊಟ ಹಾಕಿಕೊಂಡು ರೂಮಿಗೆ ಹೋಗಿ. ಉಪದೇಶ ಬೇಡ, ಜೊತೆಗೆ ಕೂತರೆ ಸಾಕು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಸಾಯುವ ಮಾತು ಬಂದರೆ ಗುಟ್ಟು ಕಾಪಾಡುತ್ತೇನೆ ಎಂದು ಭಾಷೆ ಕೊಡಬೇಡಿ. ಅವರನ್ನು ಒಂಟಿಯಾಗಿ ಬಿಡದೆ ವಾರ್ಡನ್‌ನ್ನು ಎಬ್ಬಿಸಿ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಸರಿ.

ಹಂತ 6: ಆನೆ

ತೋಟದ ಪಕ್ಕದ ಹಾಸ್ಟೆಲ್ ಆದರೆ ಇದೂ ನಿಮ್ಮ ಪಾಲಿಗೆ. ಕತ್ತಲಾದ ಮೇಲೆ ತೋಟದ ಒಳದಾರಿ ಬೇಡ, ಸುತ್ತಾದರೂ ಟಾರು ರಸ್ತೆಯಲ್ಲೇ ಬನ್ನಿ. ಮೆಸ್ ಕಸ, ಹಲಸಿನ ಸಿಪ್ಪೆ ಹಿತ್ತಲಲ್ಲಿ ರಾಶಿ ಬೀಳದಂತೆ ನೋಡಿಕೊಳ್ಳಿ. ಆನೆ ಬಂದಿದೆ ಅಂದರೆ ಗೇಟಿನ ಹತ್ತಿರ ಮೊಬೈಲ್ ಹಿಡಿದು ಗುಂಪು ಸೇರುವವರನ್ನು ಒಳಗೆ ಕಳಿಸುವುದೇ ಕಷ್ಟದ ಕೆಲಸ.

ಹಂತ 7: ಬಿಟ್ಟುಕೊಡುವಾಗ

ನೋಟ್‌ಬುಕ್, ಕೀಲಿಕೈ, ಗ್ಯಾಸ್ ಸಿಲಿಂಡರ್ ಲೆಕ್ಕ, ಅಂಗಡಿಗೆ ಕೊಡಬೇಕಾದ ಬಾಕಿ, ಕೈಯಲ್ಲಿ ಉಳಿದ ದುಡ್ಡು ಎಲ್ಲವನ್ನೂ ವಾರ್ಡನ್ ಎದುರು ಬರೆದು, ಹೊಸಬರ ಸಹಿ ಪಡೆದು ಒಪ್ಪಿಸಿ. ಯಾವ ರೂಮು ಸೋರುತ್ತದೆ ಅನ್ನುವ ಹಳೇ ಫೋಟೋಗಳನ್ನೂ ಕೊಡಿ. ಹೊಸ ರೆಪ್ ಆಯ್ಕೆ ಅಡ್ಮಿಷನ್ ಮುಗಿದ ಮೇಲೆ ಎಂದು ಕೆಲವು ಕಡೆ ಕಾಯುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ಮಳೆ ಸುರಿದು ಹೋಗಿರುತ್ತದೆ. ನೀವು ಕೋರ್ಸ್ ಮುಗಿಸಿ ಹೊರಡುವವರಾದರೆ, ಎರಡನೇ ವರ್ಷದವರೊಬ್ಬರನ್ನು ಏಪ್ರಿಲ್‌ನಲ್ಲೇ ಹಂಗಾಮಿಯಾಗಿ ನೇಮಿಸಿ ಅಂತ ವಾರ್ಡನ್‌ಗೆ ಬರೆದುಕೊಡಿ. ತಾರಸಿ ಪೈಪಿನ ಕೆಲಸ ಅವರದೇ ಎಂದು ಆ ಪತ್ರದಲ್ಲೇ ಸೇರಿಸಿ.