ಬಿಸಿನೀರಿನ ಪೈಪು: ಗಾರೆ ಮುಚ್ಚುವ ಮೊದಲೇ ನೋಡಿಕೊಳ್ಳಿ

ದಾವಣಗೆರೆಯ ಶಾಮನೂರು ರಸ್ತೆ ಕಡೆ, ಚಿತ್ರದುರ್ಗದ ಮೆದೇಹಳ್ಳಿ ಕಡೆ ಹೊಸ ಮನೆಗಳು ಏಳುತ್ತಲೇ ಇವೆ. ಹಂಡೆ ಒಲೆಯ ಬಚ್ಚಲು ಕಟ್ಟಿಸುವವರು ಈಗ ಕಡಿಮೆ. ತಾರಸಿ ಮೇಲೆ ಸೋಲಾರ್, ಬಾತ್‌ರೂಮಿನಲ್ಲಿ ಗೀಸರ್, ನಡುವಿನ ಪೈಪೆಲ್ಲ ಗೋಡೆಯೊಳಗೆ. ಪ್ಲಂಬರ್ ಕೆಲಸ ಮುಗಿಸಿ ಹೋದ ಮೇಲೆ ಮನೆಯವರಿಗೆ ಚಿಂತೆ ಶುರುವಾಗುತ್ತದೆ. ಸರಿಯಾಗಿ ಮಾಡಿದ್ದಾರೋ ಇಲ್ಲವೋ?

ಈ ಚಿಂತೆಗೆ ಕಾರಣ ಇದೆ. ತಣ್ಣೀರಿನ ಪೈಪಿನ ಜಾಯಿಂಟು ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ವರ್ಷಗಟ್ಟಲೆ ತಡೆದೀತು. ಬಿಸಿನೀರಿನ ಪೈಪು ದಿನಾ ಕಾಯುತ್ತದೆ, ಆರುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ. ಜಾಯಿಂಟು ಸರಿಯಾಗಿ ಹತ್ತಿಲ್ಲದಿದ್ದರೆ ಅಲ್ಲೇ ಬಿಡುತ್ತದೆ. ಅಷ್ಟೊತ್ತಿಗೆ ಮೇಲೆ ಟೈಲ್ಸ್ ಕೂತಿರುತ್ತದೆ. ಹಾಗಾಗಿ ನೋಡುವುದನ್ನೆಲ್ಲ ಗಾರೆ ಮುಚ್ಚುವ ಮೊದಲು ನೋಡಬೇಕು. ಇದಕ್ಕೆ ಪ್ಲಂಬಿಂಗ್ ಕಲಿತಿರಬೇಕು ಅಂತೇನಿಲ್ಲ.

ಪೈಪಿನ ಮೇಲಿನ ಅಕ್ಷರ ಓದಿ

ಬಿಸಿನೀರಿಗೆ ಬೇಕಾದದ್ದು ಸಿಪಿವಿಸಿ ಅನ್ನುವ, ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪು. ಸಾಮಾನ್ಯವಾಗಿ ಕೆನೆ ಬಣ್ಣದ್ದು. ಮೈಮೇಲೆ ಐಎಸ್ 15778 (ಈ ಪೈಪಿನ ಭಾರತೀಯ ಮಾನಕದ ಸಂಖ್ಯೆ) ಅಂತ ಅಚ್ಚಾಗಿರಬೇಕು. ಇದು 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ತಣ್ಣೀರಿಗೆ ಬಳಸುವ ಬಿಳಿ ಯುಪಿವಿಸಿ 45 ಡಿಗ್ರಿ ದಾಟಿದರೆ ಕೆಲಸಕ್ಕೆ ಬಾರದು. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಮನೆಗೆ ಬೀಗ ಹಾಕಿ ಎರಡು ದಿನ ಊರಿಗೆ ಹೋಗಿ ಬಂದರೆ ಸೋಲಾರ್ ಟ್ಯಾಂಕಿನ ನೀರು 80 ಡಿಗ್ರಿ ಮುಟ್ಟಿರಬಹುದು. ಅಂಥ ನೀರನ್ನು ಯುಪಿವಿಸಿಗೆ ಬಿಟ್ಟರೆ ಅದು ಮೆತ್ತಗಾಗಿ ಜೋತು ಬೀಳುತ್ತದೆ.

ಎಸ್‌ಡಿಆರ್ ಅನ್ನುವ ಅಂಕಿಯನ್ನೂ ನೋಡಿ. ಅಂಗಡಿಯಲ್ಲಿ 11 ಮತ್ತು 13.5 ಎರಡೂ ಸಿಗುತ್ತವೆ. ಅಂಕಿ ಕಡಿಮೆಯಾದಷ್ಟೂ ಪೈಪು ದಪ್ಪ. ಬಿಸಿನೀರಿನ ಲೈನಿಗೆ 11 ಹಾಕಿಸಿ. ಪೈಪು ಸಿಪಿವಿಸಿ ತಂದು, ನಡುವೆ ಒಂದೆರಡು ಎಲ್ಬೋ (ಮೂಲೆ ತಿರುವಿನ ಫಿಟ್ಟಿಂಗ್) ಮಾತ್ರ ಬಿಳಿ ಯುಪಿವಿಸಿಯದು ಸೇರಿಸುವುದೂ ಉಂಟು. ಅದಕ್ಕೆ ಒಪ್ಪಬೇಡಿ.

ಜಾಯಿಂಟು ಹಾಕುವಾಗ ಪಕ್ಕದಲ್ಲಿರಿ

ಎಲ್ಲ ಜಾಯಿಂಟಿಗೂ ಕಾವಲು ಕೂರಬೇಕಿಲ್ಲ. ಮೊದಲ ಐದಾರು ನೋಡಿದರೆ ಕೈಗುಣ ಗೊತ್ತಾಗುತ್ತದೆ. ಪೈಪನ್ನು ನೇರಕ್ಕೆ ಕತ್ತರಿಸಿ, ಅಂಚಿನ ಸಿಪ್ಪೆ ಕೆರೆದು, ಧೂಳು ಒರೆಸಬೇಕು. ಸೊಲ್ಯೂಷನ್ (ಪೈಪು ಅಂಟಿಸುವ ಅಂಟು) ಡಬ್ಬಿ ಸಿಪಿವಿಸಿಯದ್ದೇ ಆಗಿರಬೇಕು. ಪೈಪಿನ ಹೊರಗೂ ಫಿಟ್ಟಿಂಗಿನ ಒಳಗೂ ಹಚ್ಚಬೇಕು. ಪೈಪು ತೂರಿಸುವಾಗ ಕಾಲು ಸುತ್ತು ತಿರುಗಿಸಿ ಅರ್ಧ ನಿಮಿಷ ಹಿಡಿದುಕೊಂಡರೆ ಒಳ್ಳೆಯದು, ಇಲ್ಲದಿದ್ದರೆ ಪೈಪು ತಾನಾಗಿ ಹಿಂದಕ್ಕೆ ಜಾರುತ್ತದೆ. ಆಮೇಲೆ ಜಾಯಿಂಟಿನ ಬಾಯಿ ನೋಡಿ. ಸೊಲ್ಯೂಷನ್ ಸುತ್ತಲೂ ಒಂದೇ ಸಮ ತೆಳ್ಳಗೆ ಉಬ್ಬಿರಬೇಕು. ಒಂದು ಕಡೆ ಒಣಗಿದಂತೆ ಖಾಲಿ ಕಂಡರೆ ಅಲ್ಲಿ ಹತ್ತಿಲ್ಲ ಅಂತಲೇ ಅರ್ಥ. ಡಬ್ಬಿಯಲ್ಲಿ ಅಂಟಂಟಾಗಿ ಗಟ್ಟಿಯಾದ ಸೊಲ್ಯೂಷನ್ನಿಗೆ ಥಿನ್ನರ್ ಸುರಿದು ಬಳಸಲು ಬಿಡಬೇಡಿ. ಹೊಸ ಡಬ್ಬಿ ತಂದುಕೊಡಿ. ಗೋಡೆ ಒಡೆಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಗೀಸರ್‌ಗೆ, ಷವರ್‌ಗೆ, ನಲ್ಲಿಗೆ ಸೇರುವ ಪಾಯಿಂಟುಗಳಲ್ಲಿ ಹಿತ್ತಾಳೆ ತಿರುಪಿನ ಫಿಟ್ಟಿಂಗ್ ಇರಲಿ. ಪ್ಲಾಸ್ಟಿಕ್ ತಿರುಪು ಬಿಗಿ ಮಾಡುವಾಗಲೇ ಸೀಳುತ್ತದೆ.

ಪ್ರೆಷರ್ ಟೆಸ್ಟ್ ಬಿಡಲೇಬೇಡಿ

ಇಡೀ ಕೆಲಸದಲ್ಲಿ ಒಂದನ್ನೇ ಹಟ ಹಿಡಿದು ಮಾಡಿಸುವುದಾದರೆ ಇದನ್ನು ಮಾಡಿಸಿ. ಎಷ್ಟೋ ಕಡೆ ಓವರ್‌ಹೆಡ್ ಟ್ಯಾಂಕಿನ ನೀರು ಬಿಟ್ಟು, ‘ಎಲ್ಲೂ ಸೋರ್ತಿಲ್ಲ ನೋಡಿ ಸಾರ್’ ಅಂತ ಮುಗಿಸುತ್ತಾರೆ. ಅದು ಟೆಸ್ಟ್ ಅಲ್ಲ. ಟ್ಯಾಂಕು 10 ಮೀಟರ್ ಎತ್ತರದಲ್ಲಿದ್ದರೂ ಕೆಳಗೆ ಸಿಗುವ ಒತ್ತಡ ಸುಮಾರು 1 ಕೆಜಿ (ಚದರ ಸೆಂಟಿಮೀಟರಿಗೆ) ಅಷ್ಟೇ. ಒಂದಂತಸ್ತಿನ ಮನೆಯಲ್ಲಿ ಅದೂ ಇರುವುದಿಲ್ಲ. ಅರೆಬರೆ ಹತ್ತಿದ ಜಾಯಿಂಟು ಅಷ್ಟಕ್ಕೆ ತನ್ನ ಗುಟ್ಟು ಬಿಡುವುದಿಲ್ಲ.

ಗೇಜ್ (ಒತ್ತಡ ತೋರಿಸುವ ಮುಳ್ಳಿನ ಮಾಪಕ) ಇರುವ ಹ್ಯಾಂಡ್ ಪಂಪ್ ತರಿಸಿ. ಮಾತು ರೇಟು ಮಾತಾಡುವ ದಿನವೇ ಆಗಿಬಿಡಲಿ: ‘ಅಣ್ಣಾ, ಟೈಲ್ಸ್‌ಗೆ ಮುಂಚೆ ಪ್ರೆಷರ್ ಹಾಕಿ ತೋರಿಸಬೇಕು, ಪಂಪಿನ ಬಾಡಿಗೆ ನಾನೇ ಕೊಡ್ತೀನಿ.’ ಮೊದಲೇ ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಕೆಲಸ ಮುಗಿದ ಮೇಲೆ ಕೇಳಿದರೆ ನಂಬಿಕೆ ಇಲ್ವಾ ಅನ್ನುವ ಮಾತು ಬರುತ್ತದೆ.

ಕೊನೆಯ ಜಾಯಿಂಟು ಹಾಕಿ ಒಂದು ದಿನ ಕಳೆಯಲಿ. ಗೀಸರ್, ಸೋಲಾರ್ ಟ್ಯಾಂಕು ಲೈನಿಗೆ ಜೋಡಿಸಿರಬಾರದು. ಟೆಸ್ಟಿನ ಒತ್ತಡಕ್ಕೆ ಸೋಲಾರ್ ಟ್ಯಾಂಕು ಒಡೆದೇ ಹೋಗಬಹುದು. ಗೀಸರ್ ಪಾಯಿಂಟಿನಲ್ಲಿ ಬಿಸಿ, ತಣ್ಣನೆಯ ಎರಡು ಬಾಯಿಗಳನ್ನು ಪೈಪಿನಿಂದ ಸೇರಿಸಿ, ಉಳಿದ ಪಾಯಿಂಟುಗಳಿಗೆಲ್ಲ ಎಂಡ್ ಪ್ಲಗ್ ಹಾಕಿಸಿ. ನೀರು ತುಂಬಿಸಿ, ಮೇಲಿನ ಒಂದು ಪ್ಲಗ್ ಸಡಿಲಿಸಿ ಗಾಳಿ ಪೂರ್ತಿ ಹೊರಗೆ ಹೋಗಲು ಬಿಡಿ. ಆಮೇಲೆ ನಿಧಾನಕ್ಕೆ ಒತ್ತುತ್ತಾ 10 ಕೆಜಿಗೆ ತನ್ನಿ. ಮೊದಲಲ್ಲಿ ಮುಳ್ಳು ಸ್ವಲ್ಪ ಇಳಿಯುತ್ತದೆ, ಪ್ಲಾಸ್ಟಿಕ್ ಹಿಗ್ಗುವುದರಿಂದ. ಗಾಬರಿ ಬೇಡ. ಮತ್ತೆ 10ಕ್ಕೆ ಏರಿಸಿ ಒಂದು ಗಂಟೆ ಬಿಡಿ. ಮುಳ್ಳು ನಿಂತಲ್ಲೇ ನಿಂತರೆ ಲೈನು ಗಟ್ಟಿ. ಇಳಿಯುತ್ತಲೇ ಇದ್ದರೆ ಒಂದೊಂದೇ ಜಾಯಿಂಟಿಗೆ ಒಣ ಕಾಗದ ಒತ್ತಿ ನೋಡಿ, ಒದ್ದೆಯಾದ ಕಡೆ ಕತ್ತರಿಸಿ ಹೊಸದು ಹಾಕಿಸಿ. ಮೇಲೆ ಸೊಲ್ಯೂಷನ್ ಬಳಿದರೆ ನಿಲ್ಲುವುದಿಲ್ಲ. ಕಂಪ್ರೆಸರ್ ಗಾಳಿಯಿಂದ ಟೆಸ್ಟ್ ಮಾಡುತ್ತೇವೆ ಅಂದರೆ ಬೇಡ ಅನ್ನಿ, ಗಾಳಿ ತುಂಬಿದ ಪ್ಲಾಸ್ಟಿಕ್ ಪೈಪು ಒಡೆದರೆ ಚೂರು ಸಿಡಿಯುತ್ತದೆ.

ಟೆಸ್ಟ್ ಮುಗಿದ ಮೇಲೂ 2-3 ಕೆಜಿ ಒತ್ತಡ ಉಳಿಸಿ ಗೇಜನ್ನು ಅಲ್ಲೇ ಇರಲು ಬಿಡಿ. ಗಾರೆಯವರು, ಟೈಲ್ಸಿನವರು ಆಣಿ ಹೊಡೆಯುವಾಗ ಪೈಪಿಗೆ ತಗುಲಿದರೆ ಆ ಕ್ಷಣವೇ ಮುಳ್ಳು ಬೀಳುತ್ತದೆ. ಯಾರ ತಪ್ಪು ಅನ್ನುವ ಜಗಳವೂ ಇರುವುದಿಲ್ಲ.

ತಾರಸಿ ಮೇಲಿನ ಲೈನು

10 ಮೀಟರ್ ಸಿಪಿವಿಸಿ ಪೈಪು 40 ಡಿಗ್ರಿ ಹೆಚ್ಚು ಕಾದರೆ ಎರಡೂವರೆ ಸೆಂಟಿಮೀಟರ್ ಉದ್ದವಾಗುತ್ತದೆ. ಅದಕ್ಕೆ ಜಾಗ ಬೇಕು. ಉದ್ದ ಲೈನಿನ ನಡುವೆ ಒಂದು ಬಾಗು ಕೊಡಿಸಿ, ಕ್ಲಾಂಪು ಕಚ್ಚಿ ಹಿಡಿಯದಂತೆ ಹಾಕಿಸಿ. ಬಿಸಿಲಿಗೆ ಬರೀ ಮೈ ಬಿಡದೆ ಇನ್ಸುಲೇಷನ್ ಸುತ್ತಿಸಿ. ತಣ್ಣೀರಿನ ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ಸೋಲಾರ್‌ನಿಂದ ಮೇಲೆದ್ದ ಏರ್ ವೆಂಟ್ ಪೈಪು ತಣ್ಣೀರಿನ ಟ್ಯಾಂಕಿಗಿಂತ ಎತ್ತರ ಹೋಗಿ, ಬಾಯಿ ತೆರೆದೇ ಇರಬೇಕು. ಅದಕ್ಕೆ ವಾಲ್ವ್ ಹಾಕಿದ್ದರೆ ಅವತ್ತೇ ತೆಗೆಸಿ.

ಲೈನು ಆದಷ್ಟು ಗಿಡ್ಡವಾಗಿರಲಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತದೆ. 20 ಮೀಟರ್ ಸುತ್ತಿ ಬಂದರೆ ಬೆಳಗ್ಗೆ 5 ಲೀಟರ್ ತಣ್ಣೀರು ಸುರಿದ ಮೇಲೇ ಬಿಸಿ ಬರುವುದು. ನಲ್ಲಿ ನೀರಿಗೆ ದಿನ ಎಣಿಸುವ ನಮ್ಮ ಊರುಗಳಲ್ಲಿ ಇದು ಸಣ್ಣದಲ್ಲ. ಬೋರ್‌ವೆಲ್ ನೀರು ಬಳಸುವವರಿಗೆ ಇನ್ನೊಂದು ಮಾತು: ಗಡಸು ನೀರು ಕಾದಷ್ಟೂ ಬಿಳಿ ಪದರ ಕಟ್ಟುತ್ತದೆ. ಗೀಸರ್, ಸೋಲಾರ್ ಎರಡರ ಬಳಿಯೂ ವಾಲ್ವ್ ಮತ್ತು ಯೂನಿಯನ್ (ತಿರುಪಿ ಬಿಚ್ಚಬಹುದಾದ ಜಾಯಿಂಟು) ಇದ್ದರೆ ಪೈಪು ಕತ್ತರಿಸದೆ ಬಿಚ್ಚಿ ತೊಳೆಯಬಹುದು.

ಗಾರೆ ಮುಚ್ಚುವ ಹಿಂದಿನ ದಿನ ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಪೈಪಿನ ಪಕ್ಕ ಟೇಪು ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣುವಂತೆ ತೆಗೆಯಿರಿ. ಗೇಜಿನ ಮುಳ್ಳಿನದೂ ಒಂದು ಇರಲಿ. ಮುಂದೆ ಕನ್ನಡಿ, ಟವೆಲ್ ರಾಡ್ ಹಾಕಲು ಡ್ರಿಲ್ ಹಿಡಿದು ಬಂದವರಿಗೆ ಮೊದಲು ಆ ಫೋಟೋ ತೋರಿಸಿ.